ತೊಳೆಯುವ ಟ್ರೇಯಿಂದಲೇ ಮೇಲೇರಿ: ಏಳು ಸೂತ್ರಗಳು

ಸತ್ಯನಾರಾಯಣಪೇಟೆಯಲ್ಲಿ ರೂಮು ಮಾಡಿಕೊಂಡು ಐಟಿಐ ಓದುತ್ತಿದ್ದೀರಾ? ಸಂಡೂರು, ತೋರಣಗಲ್ಲು ಕಡೆಯ ವರ್ಕ್‌ಶಾಪಿಗೆ ಈಗಷ್ಟೇ ಸೇರಿದ್ದೀರಾ? ಮೊದಲ ದಿನ ನಿಮ್ಮ ಕೈಗೆ ಬರುವುದು ಬ್ರಷ್ಷು, ಟ್ರೇ. ಬೇಜಾರು ಬೇಡ. ಎಕ್ಸ್‌ಕವೇಟರ್, ಲೋಡರ್, ಟಿಪ್ಪರಿನ ಒಳಗುಟ್ಟು ಮೊದಲು ಗೊತ್ತಾಗುವುದು ಜಿಡ್ಡು ತೆಗೆಯುವವರಿಗೇ.

1. ಬಿಚ್ಚುವ ಮೊದಲೇ ತೊಳೆಯಿರಿ. ಹೊರಗಿನ ಕೆಂಪು ಧೂಳು, ಗ್ರೀಸು ಹೋದ ಮೇಲೆಯೇ ಸ್ಪ್ಯಾನರ್ ಹಿಡಿಯಿರಿ. ಹೋಸ್ ಕಳಚಿದ ಕೂಡಲೇ ಎರಡೂ ಬಾಯಿಗೆ ಕ್ಯಾಪ್ ಹಾಕಿ. ಹೈಡ್ರಾಲಿಕ್ ಪಂಪಿನೊಳಗಿನ ಸಂದು ಕೆಲವೇ ಮೈಕ್ರಾನ್. ತಲೆಗೂದಲ ದಪ್ಪ ಸುಮಾರು 70 ಮೈಕ್ರಾನ್. ಕಣ್ಣಿಗೆ ಕಾಣದ ಕಣವೂ ಅಲ್ಲಿ ಗೀರು ಎಳೆಯುತ್ತದೆ.

2. ಮೊದಲು ಕೆರೆಯಿರಿ, ಆಮೇಲೆ ನೆನೆಸಿ. ದಪ್ಪ ಗ್ರೀಸನ್ನು ಮರದ ಅಥವಾ ಪ್ಲಾಸ್ಟಿಕ್ ಪಟ್ಟಿಯಿಂದ ತೆಗೆಯಿರಿ. ಎರಡು ಟ್ರೇ ಇಡಿ: ಒಂದು ಕೊಳೆ ಬಿಡಿಸಲು, ಇನ್ನೊಂದು ಕೊನೆಯ ತೊಳೆತಕ್ಕೆ.

3. ಪೆಟ್ರೋಲ್ ಮುಟ್ಟಲೇಬೇಡಿ. ‘ಬೇಗ ಆಗುತ್ತೆ’ ಅನ್ನುವವರಿಗೆ ಕಿವಿಗೊಡಬೇಡಿ. ಅದರ ಆವಿ ಚಳಿಗಾಲದಲ್ಲೂ ಒಂದೇ ಕಿಡಿಗೆ ಹೊತ್ತಿಕೊಳ್ಳುತ್ತದೆ. ಸೀಮೆಎಣ್ಣೆಯೂ ಕ್ಷೇಮವೆಂದುಕೊಳ್ಳಬೇಡಿ. ಭಾರತೀಯ ಮಾನದಂಡದಲ್ಲಿ ಅದರ ಫ್ಲ್ಯಾಶ್ ಪಾಯಿಂಟ್, ಅಂದರೆ ಆವಿ ಕಿಡಿಗೆ ಹೊತ್ತಿಕೊಳ್ಳುವ ಉಷ್ಣತೆ, ಕನಿಷ್ಠ 35 ಡಿಗ್ರಿ. ಬಳ್ಳಾರಿಯ ಬೇಸಿಗೆ 40 ದಾಟುತ್ತದೆ. ಲೆಕ್ಕ ನೀವೇ ಹಾಕಿ. ನೀರಿನಲ್ಲಿ ಕಲಸುವ ಡಿಗ್ರೀಸರ್ ಕೇಳಿ ಪಡೆಯಿರಿ; ಬಿಸಿನೀರಿನಲ್ಲಿ ಅದು ಇನ್ನೂ ಚೆನ್ನಾಗಿ ಕೆಲಸ ಮಾಡುತ್ತದೆ.

4. ಲೋಹ ನೋಡಿ ಕೆಮಿಕಲ್ ಆರಿಸಿ. ಬಿಸಿ ಕಾಸ್ಟಿಕ್ ಸೋಡಾ ಉಕ್ಕಿಗೆ ಸರಿ. ಅಲ್ಯೂಮಿನಿಯಂ ಪಿಸ್ಟನ್ನು, ಹೌಸಿಂಗು ಅದರಲ್ಲಿ ಮುಳುಗಿದರೆ ಲೋಹವೇ ಕರಗುತ್ತದೆ, ಜೊತೆಗೆ ಉರಿಯುವ ಹೈಡ್ರೋಜನ್ ಏಳುತ್ತದೆ. ಸೀಲು, ಓ-ರಿಂಗ್ ಮೊದಲೇ ಬೇರೆ ತೆಗೆದಿಡಿ. ಗ್ಲೌಸ್, ಕನ್ನಡಕ ಇಲ್ಲದೆ ಶುರು ಮಾಡಬೇಡಿ.

5. ಬೇರಿಂಗಿಗೆ ಗಾಳಿ ಹೊಡೆದು ತಿರುಗಿಸಬೇಡಿ. ಆ ಸದ್ದು ಕಿವಿಗೆ ಹಿತ, ಆದರೆ ಒಣಗಿದ ಬೇರಿಂಗ್ ವೇಗಕ್ಕೆ ಸಿಕ್ಕಿ ಹಾಳಾಗುತ್ತದೆ, ಒಡೆದು ಸಿಡಿಯಲೂಬಹುದು. ಎರಡೂ ರಿಂಗ್ ಬಿಗಿಯಾಗಿ ಹಿಡಿದು ಗಾಳಿ ಬಿಡಿ. ನೂಲು ಬಿಡುವ ವೇಸ್ಟ್ ಬಟ್ಟೆಯಿಂದ ಒರೆಸಬೇಡಿ.

6. ಅನುಮಾನ ಬಿಡಿ, ನೀರು ಹಾಕಿ. ‘ಜಿಡ್ಡು ಹೋಯ್ತೋ ಇಲ್ವೋ’ ಎಂದು ಯೋಚಿಸುತ್ತ ನಿಲ್ಲುವುದು ಒಂದು ಚಾಳಿ. ಚಪ್ಪಟೆ ಭಾಗದ ಮೇಲೆ ಶುದ್ಧ ನೀರು ಸುರಿಯಿರಿ. ಪದರವಾಗಿ ಹರಡಿ ನಿಂತರೆ ಸ್ವಚ್ಛ. ಹನಿಹನಿಯಾಗಿ ಒಡೆದರೆ ಎಣ್ಣೆ ಇನ್ನೂ ಇದೆ, ಮತ್ತೆ ತೊಳೆಯಿರಿ. ಪಾಸಾದ ಪಾರ್ಟನ್ನು ತಕ್ಷಣ ಒಣಗಿಸಿ, ತೆಳ್ಳಗೆ ಎಣ್ಣೆ ಸವರಿ. ಬರಿಮೈ ಉಕ್ಕಿಗೆ ತುಕ್ಕು ಬೇಗ ಹಿಡಿಯುತ್ತದೆ. ಕೊಳೆ ಎಣ್ಣೆಯನ್ನು ಚರಂಡಿಗೆ ಚೆಲ್ಲಬೇಡಿ. 2016ರ ಅಪಾಯಕಾರಿ ತ್ಯಾಜ್ಯ ನಿಯಮಗಳ ಪ್ರಕಾರ ಅದು ಪರವಾನಗಿ ಇರುವವರಿಗೇ ಹೋಗಬೇಕು.

7. ಟ್ರೇಯ ತಳ ಓದಿ. ಬೇರೆಲ್ಲ ಮರೆತರೂ ಇದನ್ನು ಮರೆಯಬೇಡಿ. ಬಿಚ್ಚಿದ ಭಾಗದ ಒಳಮೈಯನ್ನು ಬೇರೆ ಟ್ರೇಯಲ್ಲಿ ತೊಳೆಯಿರಿ. ಅರ್ಧ ಗಂಟೆ ಅಲುಗಾಡಿಸದೆ ಬಿಡಿ, ಮೇಲಿನ ದ್ರವ ಬಸಿಯಿರಿ, ತಳದ ಗಸಿಯನ್ನು ಬಿಳಿ ಕಾಗದಕ್ಕೆ ಎಳೆಯಿರಿ. ಪ್ಲಾಸ್ಟಿಕ್ ಸುತ್ತಿದ ಮ್ಯಾಗ್ನೆಟ್ ಆಡಿಸಿ. ಅಂಟಿಕೊಂಡ ಚೂರು ಉಕ್ಕು: ಗೇರೋ ಬೇರಿಂಗೋ ಸವೆದಿದೆ. ಹಳದಿ ಮಿಂಚು ಅಂಟದೆ ಉಳಿಯಿತೇ? ಹಿತ್ತಾಳೆ, ಕಂಚಿನ ಬುಷ್ ನೋಡಿ. ಕೆಂಪು ಪುಡಿ ಹೆಚ್ಚಾಗಿ ನಮ್ಮ ಸಂಡೂರಿನ ಹೆಮಟೈಟ್ ಅದಿರು. ಕಬ್ಬಿಣವಿದ್ದರೂ ಸಾಮಾನ್ಯ ಮ್ಯಾಗ್ನೆಟ್ಟಿಗೆ ಅಷ್ಟಾಗಿ ಹತ್ತುವುದಿಲ್ಲ. ಗೇರ್‌ಬಾಕ್ಸಿನೊಳಗೆ ಅದು ಸಿಕ್ಕರೆ ತಪ್ಪು ಗೇರಿನದಲ್ಲ. ಸೀಲು ಅಥವಾ ಬ್ರೀದರ್ ಧೂಳು ಒಳಗೆ ಬಿಟ್ಟಿದೆ. ಅದನ್ನು ಸರಿಮಾಡದೆ ಹೊಸ ಗೇರ್ ಹಾಕಿದರೆ ದುಡ್ಡು ಮಣ್ಣುಪಾಲು.

ಆ ಕಾಗದದ ಫೋಟೊ ತೆಗೆಯಿರಿ. ಮಷಿನ್ ನಂಬರು, ಅವರ್ ಮೀಟರ್ ರೀಡಿಂಗ್ ಬರೆದಿಡಿ. ನಾಳೆ ಬೆಳಿಗ್ಗೆ ಮೇಸ್ತ್ರಿ ‘ಯಾಕೆ ಹೋಯ್ತು ಇದು?’ ಎಂದಾಗ ಮೊದಲು ನೀವೇ ಮಾತಾಡಿ.