ಜ್ವರ ಬಂತೆಂದು ಲಸಿಕೆ ನಿಲ್ಲಿಸಬೇಡಿ

ಪ್ರಶ್ನೆ: ಡಾಕ್ಟರೇ, ನನ್ನ ಮಗನಿಗೆ ಈಗ ಒಂದೂವರೆ ವರ್ಷ. ಮೂರೂವರೆ ತಿಂಗಳಲ್ಲಿ ತೊಡೆಗೆ ಇಂಜೆಕ್ಷನ್ ಕೊಡಿಸಿದ ರಾತ್ರಿ ಜ್ವರ ಬಂದು, ತೊಡೆ ಊದಿಕೊಂಡು ತುಂಬಾ ಅತ್ತ. ಆಮೇಲೆ ಅತ್ತೆಯವರು ಲಸಿಕೆ ಹಾಕಿಸಲು ಬಿಟ್ಟಿಲ್ಲ. 'ದಡಾರ ನಮಗೆಲ್ಲ ಬಂದು ಹೋಗಿದೆ, ಏನೂ ಆಗಲ್ಲ' ಅನ್ನುತ್ತಾರೆ. ಈಗ ಮೊದಲಿನಿಂದ ಶುರು ಮಾಡಬೇಕೇ?
– ಹೆಸರು ಬೇಡ, ಹಾಸನ ಜಿಲ್ಲೆ

ಉತ್ತರ: ಬೇಡಮ್ಮ. ಹಾಕಿಸಿದ ಲಸಿಕೆ ಲೆಕ್ಕಕ್ಕಿದೆ, ನಿಂತಲ್ಲಿಂದ ಮುಂದುವರಿಸಿದರೆ ಸಾಕು.

ಅಂದು ನಿಮ್ಮ ಮಗನ ತೊಡೆಗೆ ಹಾಕಿದ ಪೆಂಟಾವೆಲೆಂಟ್ ಲಸಿಕೆಯಲ್ಲಿ ನಾಯಿಕೆಮ್ಮಿನ ಸತ್ತ ರೋಗಾಣುಗಳಿರುತ್ತವೆ. ಜ್ವರ, ಬಾವು ಬರುವುದು ಹೆಚ್ಚಾಗಿ ಅದರಿಂದಲೇ. ಒಂದೆರಡು ದಿನದಲ್ಲಿ ಇಳಿಯುತ್ತದೆ. ತೂಕಕ್ಕೆ ತಕ್ಕಷ್ಟು ಪ್ಯಾರಾಸಿಟಮಾಲ್ ಕೊಡಿ, ಚುಚ್ಚಿದ ಜಾಗ ತಿಕ್ಕಬೇಡಿ. ಅಂದು ಫಿಟ್ಸ್ ಬಂದಿದ್ದರೆ ಅಥವಾ ಮಗು ಮೂರು ಗಂಟೆಗೂ ಹೆಚ್ಚು ಬಿಡದೆ ಅತ್ತಿದ್ದರೆ ಮಾತ್ರ ಮುಂದಿನ ಲಸಿಕೆಗೆ ಮೊದಲು ವೈದ್ಯರಿಗೆ ಹೇಳಿ.

ಇನ್ನು ದಡಾರದ ಮಾತು. ಕಣ್ಣು ಕೆಂಪಾಗಿ, ಮೂಗು ಸೋರುತ್ತ, ಬೆಳಕು ನೋಡಲಾಗದೆ ಅಮ್ಮನ ಸೆರಗಿನಲ್ಲಿ ಮುಖ ಮುಚ್ಚಿಕೊಳ್ಳುವ ಮಗುವನ್ನು ಕಂಡವರು ಅದರ ಬಗ್ಗೆ ಹಗುರವಾಗಿ ಮಾತಾಡುವುದಿಲ್ಲ. ಗುಳ್ಳೆ ಮಾಯವಾದರೂ ಮುಗಿಯಲಿಲ್ಲ. ಬೇರೆ ರೋಗಗಳ ವಿರುದ್ಧ ಮೈ ಗಳಿಸಿದ್ದ ಶಕ್ತಿಯನ್ನೂ ದಡಾರ ಅಳಿಸಿಹಾಕುತ್ತದೆ. ಹಾಗಾಗಿ ತಿಂಗಳುಗಟ್ಟಲೆ ನ್ಯುಮೋನಿಯಾ, ಭೇದಿ ಬೆನ್ನು ಹತ್ತುತ್ತವೆ. ಅಪರೂಪಕ್ಕೆ ಎಷ್ಟೋ ವರ್ಷಗಳ ನಂತರ ಮೆದುಳಿಗೆ ಏರುವುದೂ ಉಂಟು, ಅದಕ್ಕೆ ಗುಣಪಡಿಸುವ ಔಷಧಿಯಿಲ್ಲ. ರೋಗಿ ಕೆಮ್ಮಿ ಹೋದ ಕೋಣೆಯ ಗಾಳಿಯಲ್ಲಿ ಈ ವೈರಸ್ ಎರಡು ಗಂಟೆಯವರೆಗೂ ಇರಬಲ್ಲದು. ಎರಡು ಡೋಸ್ ಪಡೆದ ನೂರು ಮಕ್ಕಳಲ್ಲಿ ಸುಮಾರು 97 ಮಕ್ಕಳಿಗೆ ರಕ್ಷಣೆ ಸಿಗುತ್ತದೆ. ಅತ್ತೆಯವರು ಮೊಮ್ಮಗನ ಮೇಲಿನ ಮಮತೆಯಿಂದಲೇ ಬೇಡ ಅಂದಿದ್ದಾರೆ. ಅವರನ್ನೂ ಜೊತೆಗೆ ಕರೆದುಕೊಂಡು ಹೋಗಿ, ಸಿಸ್ಟರ್ ಬಳಿ ನೇರವಾಗಿ ಕೇಳಲಿ.

ನಿಮ್ಮ ಮಗನಿಗೆ ಈಗಲೇ ದಡಾರ-ರುಬೆಲ್ಲಾ ಮೊದಲ ಡೋಸ್, ಕನಿಷ್ಠ ನಾಲ್ಕು ವಾರ ಬಿಟ್ಟು ಎರಡನೆಯದು. ಜೊತೆಗೆ ಡಿಪಿಟಿ ಬೂಸ್ಟರ್ ಮತ್ತು ಪೋಲಿಯೋ. ಒಂದೇ ದಿನ ಎರಡು ಮೂರು ಕಡೆ ಚುಚ್ಚಿದರೂ ತೊಂದರೆಯಿಲ್ಲ. ದಡಾರದ ಲಸಿಕೆಗೆ ಜ್ವರ ಬರುವುದಾದರೆ ವಾರ, ಹತ್ತು ದಿನ ಕಳೆದು ಬರುತ್ತದೆ, ಗಾಬರಿ ಬೇಡ. ಬೂಸ್ಟರ್ ಮರೆಯಲೇಬೇಡಿ. ಶಿಶುವಾಗಿದ್ದಾಗಿನ ರಕ್ಷಣೆ ಕ್ರಮೇಣ ಕುಗ್ಗುತ್ತದೆ. ಉತ್ತರ ಕರ್ನಾಟಕದಲ್ಲಿ ಶಾಲೆಗೆ ಹೋಗುವ ಮಕ್ಕಳಲ್ಲೂ ಡಿಪಿಟಿ ತಡೆಯುವ ಗಂಟಲುಮಾರಿ ಕಾಣಿಸಿಕೊಂಡಿದೆ. ಗಂಟಲಲ್ಲಿ ಬೂದು ಬಣ್ಣದ ಪೊರೆ ಕಟ್ಟಿ ಉಸಿರೇ ನಿಲ್ಲಿಸಬಲ್ಲ ಕಾಯಿಲೆ ಅದು.

ಪ್ರಶ್ನೆ: ಮಗಳಿಗೆ ಒಂಬತ್ತು ತಿಂಗಳು ತುಂಬಿದೆ. ನೆಗಡಿಯಿದೆ ಎಂದು ಲಸಿಕೆ ಮುಂದೂಡುತ್ತಲೇ ಇದ್ದೇವೆ. ಸರಿಯೇ?
– ಓದುಗರು, ಬಳ್ಳಾರಿ

ಉತ್ತರ: ಸರಿಯಲ್ಲ. ಸಾಮಾನ್ಯ ನೆಗಡಿ, ಸಣ್ಣ ಕೆಮ್ಮು, ಅಲ್ಪ ಜ್ವರ ಇದ್ದರೂ ಲಸಿಕೆ ಹಾಕಿಸಬಹುದು. ಜೋರು ಜ್ವರವಿದ್ದು ಮಗು ಸುಸ್ತಾಗಿದ್ದರೆ ಮಾತ್ರ ಕಾಯಿರಿ. ಸರ್ಕಾರಿ ಆಸ್ಪತ್ರೆಯಲ್ಲಿ ಲಸಿಕೆ ಉಚಿತ. ಊರಿನ ಆಶಾ ಕಾರ್ಯಕರ್ತೆಯನ್ನು ಕೇಳಿ ದಿನ ತಿಳಿದುಕೊಂಡು, ತಾಯಿ ಕಾರ್ಡ್ ಹಿಡಿದು ಇದೇ ವಾರ ಹೋಗಿ ಬನ್ನಿ. ಲಸಿಕೆಯಾದ ಮೇಲೆ ಅರ್ಧ ಗಂಟೆ ಅಲ್ಲೇ ಕುಳಿತಿರಿ.