ಶಕ್ತಿಯನ್ನು ಸಾಕುವ ಕಷ್ಟ

ತನ್ನ ಕಾರಿಗೆ ಇನ್ನಷ್ಟು ಬಲವಿದ್ದರೆ ಚೆನ್ನಾಗಿತ್ತೆಂದು ಒಮ್ಮೆಯೂ ಅಂದುಕೊಳ್ಳದ ಕಾರುಪ್ರಿಯನನ್ನು ನಾನು ಗದಗ-ಬೆಟಗೇರಿಯಲ್ಲಾಗಲಿ ಅದರಾಚೆಗಾಗಲಿ ಈವರೆಗೆ ಕಂಡಿಲ್ಲ. ಆ ಆಸೆಯನ್ನು ಚಹದಂಗಡಿಯ ಮಾತಿನಲ್ಲಿಯೇ ಮುಗಿಸಿಬಿಡುವವರು ಬಹಳ. ಕಾರ್ಯಕ್ಕೆ ಕೈಹಾಕುವವರು ವಿರಳ. ಕೈಹಾಕಿದ ಮೇಲೆ ಅದರ ಲಾಭಾಲಾಭಗಳನ್ನು ನಿಷ್ಪಕ್ಷಪಾತವಾಗಿ ತೂಗಿ ಹೇಳುವವರು ಮತ್ತೂ ವಿರಳ. ನಾನೂ ನನ್ನ ಸ್ನೇಹಿತನೊಬ್ಬನೂ ಕೂಡಿ ಹಳೆಯದೊಂದು ಫಿಯಟ್ ಪ್ಯಾಲಿಯೊ ಕಾರಿಗೆ ಟರ್ಬೊ ಎಂಜಿನ್ನನ್ನು ಕೂಡಿಸಿದ ಕಾಲದಲ್ಲಿ ಕಲಿತ ಸಂಗತಿಗಳನ್ನು, ಅದೇ ದಾರಿಯನ್ನು ಹಿಡಿಯಬೇಕೆಂದಿರತಕ್ಕವರಿಗೆ ಉಪಯೋಗವಾದೀತೆಂಬ ನಂಬಿಕೆಯಿಂದ, ಇಲ್ಲಿ ಬರೆದಿಡುತ್ತಿದ್ದೇನೆ. ಅವುಗಳ ಸಾರವನ್ನು ಮೊದಲೇ ಹೇಳುವುದಾದರೆ, ಶಕ್ತಿಯನ್ನು ಸಂಪಾದಿಸುವುದು ಹಣದ ಕೆಲಸ, ಅದನ್ನು ಸಾಕುವುದು ತಾಳ್ಮೆಯ ಕೆಲಸ.

ಚಿಕ್ಕ ಮೈಯ ಕಾರಿಗೆ ದೊಡ್ಡ ಕಸುವನ್ನು ತುಂಬುವ ಸಂಪ್ರದಾಯವು ಯುರೋಪಿನಲ್ಲಿ ಫೋಕ್ಸ್‌ವ್ಯಾಗನ್ ಗಾಲ್ಫ್ ಜಿಟಿಐ 1976ರಲ್ಲಿ ಮಾರಾಟಕ್ಕೆ ಬಂದಂದಿನಿಂದ ಬೇರೂರಿತು. ಅಂಥ ಕಾರುಗಳಿಗೆ ‘ಹಾಟ್ ಹ್ಯಾಚ್’ ಎಂಬ ಹೆಸರು ರೂಢಿಯಾಯಿತು. ನಮ್ಮ ದೇಶದಲ್ಲಿ ಆ ಹೆಸರಿಗೆ ಯೋಗ್ಯವಾದ ಕಾರುಗಳು ತೀರ ಕಡಮೆಯಾಗಿದ್ದ ಕಾಲದಲ್ಲಿ, ಎಂದರೆ 2001ರಲ್ಲಿ, ಸಚಿನ್ ತೆಂಡೂಲ್ಕರರ ಜಾಹೀರಾತಿನೊಡನೆ ಬಂದ ಪ್ಯಾಲಿಯೊ ಕಾರಿನ 1.6 ಜಿಟಿಎಕ್ಸ್ ಎಂಬ ಮಾದರಿಯು 1596 ಸಿಸಿಯ ಎಂಜಿನ್ನನ್ನೂ ಸುಮಾರು ನೂರು ಅಶ್ವಶಕ್ತಿಯನ್ನೂ ಹೊತ್ತು ನಿಂತು, ಆ ಕಾಲದ ತರುಣರ ನಿದ್ರೆಯನ್ನು ಅಪಹರಿಸಿತ್ತು. ಗಟ್ಟಿ ಬಾಗಿಲು, ಭಾರವಾದ ಮೈ, ನೆಲವನ್ನು ಬಿಗಿಯಾಗಿ ಹಿಡಿಯುವ ಚಕ್ರಗಳು, ಬಾಯಾರಿದ ಪೆಟ್ರೋಲ್ ಟ್ಯಾಂಕು, ಇವು ಅದರ ಗುಣದೋಷಗಳು. ಲಕ್ಷ್ಮೇಶ್ವರದ ವರ್ತಕರೊಬ್ಬರ ಹಿತ್ತಿಲಿನಲ್ಲಿ ಎಂಜಿನ್ ಸವೆದು ನಿಂತುಬಿಟ್ಟಿದ್ದ ಅಂಥದೊಂದು ಕಾರು, ತುಕ್ಕು ಹಿಡಿಯದ ತಳಭಾಗವನ್ನು ಉಳಿಸಿಕೊಂಡಿದ್ದ ಒಂದೇ ಕಾರಣದಿಂದ, ನಮ್ಮ ಪಾಲಿಗೆ ಬಂದಿತು.

ಅದಕ್ಕೆ ನಾವು ಆರಿಸಿಕೊಂಡುದು ಅದೇ ಕಂಪನಿಯ ಟಿ-ಜೆಟ್ ಎಂಜಿನ್ನು. 2010ರಲ್ಲಿ ಫಿಯಟ್ ಲಿನಿಯಾ ಕಾರಿನಲ್ಲಿ ನಮ್ಮಲ್ಲಿಗೆ ಬಂದ ಈ ಎಂಜಿನ್ನಿನ ಗಾತ್ರ 1368 ಸಿಸಿ ಮಾತ್ರ. ಶಕ್ತಿ 114 ಪಿಎಸ್. ಅಂಕಿಯನ್ನಷ್ಟೇ ನೋಡಿದವನಿಗೆ ಇಷ್ಟಕ್ಕಾಗಿ ಇಷ್ಟು ಪಾಡೇ ಎನಿಸುವುದು ಸಹಜ. ಆದರೆ ಇದರ ಸತ್ತ್ವವಿರುವುದು ತಿರುಚುಬಲದಲ್ಲಿ: ನಿಮಿಷಕ್ಕೆ 2200 ಸುತ್ತಿಗೆಲ್ಲ 207 ನ್ಯೂಟನ್ ಮೀಟರು, ಎಂದರೆ ಹಳೆಯ ಎಂಜಿನ್ನಿನ ಸರಿಸುಮಾರು ಒಂದೂವರೆ ಪಟ್ಟು, ಅದೂ ಅರ್ಧ ವೇಗದಲ್ಲಿಯೇ. ಹೊಗೆಯಾಗಿ ವ್ಯರ್ಥವಾಗಿ ಹೋಗುವ ಅನಿಲದಿಂದ ಒಂದು ಗಾಲಿಯನ್ನು ತಿರುಗಿಸಿ, ಅದೇ ದಂಡದ ಮತ್ತೊಂದು ತುದಿಯ ಗಾಲಿಯಿಂದ ಎಂಜಿನ್ನಿನೊಳಕ್ಕೆ ಗಾಳಿಯನ್ನು ಒತ್ತಿ ತುಂಬುವ ಈ ಉಪಾಯಕ್ಕೆ ಸ್ವಿಟ್ಜರ್ಲೆಂಡಿನ ಆಲ್ಫ್ರೆಡ್ ಬುಷಿ ಎಂಬ ಎಂಜಿನಿಯರು 1905ರಷ್ಟು ಹಿಂದೆಯೇ ಹಕ್ಕುಪತ್ರ ಪಡೆದಿದ್ದರು. ಆ ದಂಡವು ನಿಮಿಷಕ್ಕೆ ಲಕ್ಷಕ್ಕೂ ಮಿಕ್ಕಿ ಸುತ್ತುವುದು; ಅದನ್ನು ಬದುಕಿಸತಕ್ಕದ್ದು ತೆಳುವಾದ ಎಣ್ಣೆಯ ಪದರವೊಂದೇ.

ಇಲ್ಲಿಂದ ಮುಂದಕ್ಕೆ ಹೋಗುವ ಮೊದಲು ಕಾನೂನಿನ ಮಾತು. ಸ್ಪ್ಯಾನರನ್ನು ಕೈಗೆತ್ತಿಕೊಳ್ಳುವುದಕ್ಕೆ ಮುಂಚೆಯೇ ಈ ವಿಷಯವನ್ನು ಇತ್ಯರ್ಥ ಮಾಡಿಕೊಂಡುದರಿಂದ ನಮಗೆ ಉಳಿದ ಮನಃಶಾಂತಿ ಅಷ್ಟಿಷ್ಟಲ್ಲ. 1988ರ ಮೋಟಾರು ವಾಹನ ಕಾಯಿದೆಯ 52ನೆಯ ಕಲಮು, ತಯಾರಕನು ಮೊದಲು ನಿರ್ದೇಶಿಸಿದ ವಿವರಗಳಿಗೂ ನೋಂದಣಿ ಪತ್ರದ ವಿವರಗಳಿಗೂ ಭೇದ ಬರುವಂತೆ ವಾಹನವನ್ನು ಮಾರ್ಪಡಿಸಕೂಡದೆಂದು ಸ್ಪಷ್ಟವಾಗಿ ವಿಧಿಸುತ್ತದೆ. ಸವೆದ ಎಂಜಿನ್ನಿನ ಸ್ಥಾನದಲ್ಲಿ ಅದೇ ತಯಾರಿಕೆಯ ಅದೇ ಮಾದರಿಯ ಎಂಜಿನ್ನನ್ನು ನೋಂದಣಿ ಅಧಿಕಾರಿಯ ಅನುಮೋದನೆಯೊಡನೆ ಕೂಡಿಸಬಹುದೇ ಹೊರತು, ಬೇರೆ ಬಲದ ಎಂಜಿನ್ನನ್ನಲ್ಲ. ಕೇರಳದ ಪ್ರಕರಣವೊಂದರಲ್ಲಿ ಸರ್ವೋಚ್ಚ ನ್ಯಾಯಾಲಯವು 2019ರ ಜನವರಿ 9ರಂದು ಈ ಕಲಮಿನ ಅರ್ಥವನ್ನು ಬಿಗಿಯಾಗಿಯೇ ಎತ್ತಿಹಿಡಿಯಿತು. ಅದೇ ವರ್ಷದ ತಿದ್ದುಪಡಿಯಿಂದ ಹೊಸ ರೂಪ ಪಡೆದ 182ಎ ಕಲಮು ಇಂಥ ಮಾರ್ಪಾಟಿಗೆ ಆರು ತಿಂಗಳವರೆಗಿನ ಕಾರಾಗೃಹವನ್ನೋ, ಪ್ರತಿಯೊಂದು ಮಾರ್ಪಾಟಿಗೆ 5,000 ರೂಪಾಯಿ ದಂಡವನ್ನೋ, ಎರಡನ್ನೂ ಕೂಡಿಯೋ ವಿಧಿಸಲು ಅವಕಾಶ ಕೊಟ್ಟಿದೆ. ವಿಮೆಯ ಸಂಗತಿಯಂತೂ ಹೇಳಬೇಕಾದುದೇ ಇಲ್ಲ: ಪತ್ರದಲ್ಲಿ ಒಂದು ಎಂಜಿನ್ನು, ಬಾನೆಟ್ಟಿನ ಕೆಳಗೆ ಇನ್ನೊಂದು ಇರುವ ಕಾರು ಯಾರಿಗಾದರೂ ಡಿಕ್ಕಿ ಹೊಡೆದರೆ ಮನೆಮಾರು ಹೋಗುವ ಪ್ರಸಂಗ. ಆದುದರಿಂದ, ಈ ಪ್ಯಾಲಿಯೊ ಸಾರ್ವಜನಿಕ ರಸ್ತೆಯ ಮೇಲೆ ಚಕ್ರವಿಡತಕ್ಕದ್ದಲ್ಲ, ಖಾಸಗಿ ಅಂಗಳದಲ್ಲಿಯೂ ಆವೃತ ಮೈದಾನದ ಸ್ಪರ್ಧೆಗಳಲ್ಲಿಯೂ ಮಾತ್ರ ಓಡತಕ್ಕದ್ದು, ಅಲ್ಲಿಗೆ ಲಾರಿಯ ಮೇಲೆಯೇ ಹೋಗತಕ್ಕದ್ದು ಎಂದು ನಿಶ್ಚಯಿಸಿ, ಅದರ ನೋಂದಣಿಯನ್ನು ರದ್ದುಗೊಳಿಸಿದ ಮೇಲೆಯೇ ಕೆಲಸಕ್ಕೆ ತೊಡಗಿದೆವು.

ಎಂಜಿನ್ನನ್ನು ಬಿಡಿಯಾಗಿ ಕೊಳ್ಳಬೇಕೋ, ಇಡೀ ಕಾರನ್ನೇ ಕೊಳ್ಳಬೇಕೋ ಎಂಬುದು ಮುಂದಿನ ಪ್ರಶ್ನೆ. ಮುಂಬಯಿಯ ಕುರ್ಲಾದಲ್ಲಿ, ಬೆಂಗಳೂರಿನ ಶಿವಾಜಿನಗರದಲ್ಲಿ ಹಳೆಯ ಎಂಜಿನ್ನುಗಳ ರಾಶಿಯೇ ಇದ್ದು, ವ್ಯಾಪಾರಿಗಳು ಹಲಗೆಯ ಮೇಲೆ ಇರಿಸಿದ ಎಂಜಿನ್ನಿನ ಗಾಲಿಯನ್ನು ಕೈಯಿಂದ ತಿರುಗಿಸಿ ತೋರಿಸಿ ಅದರ ಆಯುಷ್ಯವನ್ನು ಸಾರುವರು. ಟರ್ಬೊ ಎಂಜಿನ್ನಿನ ಆರೋಗ್ಯವು ಹಾಗೆ ತಿಳಿಯುವಂಥದಲ್ಲ. ಓಡುವ ಸ್ಥಿತಿಯಲ್ಲಿದ್ದ, ಬಣ್ಣ ಮಾಸಿ ಬೆಲೆ ಕಳೆದುಕೊಂಡ ಲಿನಿಯಾ ಕಾರೊಂದನ್ನು ನಾವು ಇಡಿಯಾಗಿಯೇ ಕೊಂಡು, ಬಿಚ್ಚುವ ಮೊದಲು ಒಂದು ಚಳಿಗಾಲವೆಲ್ಲ ಅದರಲ್ಲಿ ತಿರುಗಾಡಿದೆವು. ಮುಳಗುಂದದ ದಾರಿಯಾಗಿ ಲಕ್ಷ್ಮೇಶ್ವರಕ್ಕೆ, ಅಲ್ಲಿಂದ ಶಿರಹಟ್ಟಿಗೆ, ಡಂಬಳದ ಕಡೆಯಿಂದ ಮುಂಡರಗಿಗೆ, ಕಪ್ಪತಗುಡ್ಡದ ಸೆರಗಿನ ಏರುದಾರಿಗಳಿಗೆ ಹೋಗಿಬಂದು, ಎಣ್ಣೆ ಎಷ್ಟು ತಿನ್ನುತ್ತದೆ, ಮೂರನೆಯ ಗೇರಿನಲ್ಲಿ ಏರನ್ನು ಹೇಗೆ ಹತ್ತುತ್ತದೆ, ಬಿಸಿಲಿನಲ್ಲಿ ನಿಂತಾಗ ಫ್ಯಾನು ಎಷ್ಟು ಹೊತ್ತು ತಿರುಗುತ್ತದೆ ಎಂಬುದನ್ನೆಲ್ಲ ಗುರುತಿಸಿಕೊಂಡೆವು. ಕೀಲಿ, ಕಂಪ್ಯೂಟರು, ವೈರಿಂಗು, ಆಕ್ಸಿಲರೇಟರ್ ಪೆಡಲು, ಸಣ್ಣಪುಟ್ಟ ಸೆನ್ಸರುಗಳು ಇವೆಲ್ಲವೂ ಒಂದೇ ಕಾರಿನಿಂದ ದೊರೆತುದು ಮುಂದೆ ಎಷ್ಟು ದೊಡ್ಡ ಉಪಕಾರವಾಯಿತೆಂಬುದನ್ನು ತಂತಿಯ ಕೆಲಸದ ಮಾತು ಬಂದಾಗ ಹೇಳುವೆನು.

ಆ ತಿರುಗಾಟದಲ್ಲಿಯೇ ನಮ್ಮ ಸೀಮೆಗೆ ವಿಶಿಷ್ಟವಾದ ಪಾಠವೊಂದು ದೊರೆಯಿತು. ಮಾಗಡಿ ಕೆರೆಗೆ ಪಟ್ಟೆತಲೆಯ ಹೆಬ್ಬಾತುಗಳು ಬಂದಿಳಿಯುವ ಋತುವಿನಲ್ಲಿಯೇ ನಮ್ಮ ರೈತರ ಒಕ್ಕಣೆಯೂ ನಡೆಯುವುದಷ್ಟೆ. ಕಣ ಮಾಡುವ ಪದ್ಧತಿ ಕಡಮೆಯಾದಂತೆ ಹುರುಳಿಯನ್ನೂ ತೊಗರಿಯನ್ನೂ ಡಾಂಬರು ರಸ್ತೆಯ ಮೇಲೆಯೇ ಹರವಿ, ಬರಹೋಗುವ ವಾಹನಗಳಿಂದ ತುಳಿಸುವರು. ಮುಂಡರಗಿಯ ರಸ್ತೆಯಲ್ಲಿ ಅಂಥ ಹುರುಳಿಯ ಹಾಸಿನ ಮೇಲೆ ಹಾದು ಬಂದ ಸ್ವಲ್ಪ ಹೊತ್ತಿಗೆ ಸುಟ್ಟ ಹುಲ್ಲಿನ ವಾಸನೆ ಮೂಗಿಗೆ ಬಡಿಯಿತು. ಗಾಡಿಯನ್ನು ನಿಲ್ಲಿಸಿ ಬಗ್ಗಿ ನೋಡಿದರೆ, ಒಣಗಿದ ಹುರುಳಿಯ ಬಳ್ಳಿಗಳು ಮುಂಚಕ್ರದ ದಂಡಕ್ಕೆ ಹುರಿಹೊಸೆದಂತೆ ಸುತ್ತಿಕೊಂಡು, ಅವುಗಳ ತುದಿಗಳು ಟರ್ಬೊದಿಂದ ಇಳಿಯುವ ಹೊಗೆಕೊಳವೆಗೆ ತಾಗಿ ಕಪ್ಪಗೆ ಕರಕಲಾಗಿದ್ದವು. ಒಂದೆರಡು ಎಳೆಗಳ ತುದಿಯಲ್ಲಿ ಕೆಂಡದ ಕಣವೂ ಇತ್ತು. ಹತ್ತಿರದ ಹೊಲದವರೊಬ್ಬರು ಕೊಡದಲ್ಲಿ ನೀರು ತಂದರು, ಕುಡುಗೋಲಿನಿಂದ ಬಳ್ಳಿಯನ್ನು ಕೊಯ್ದು ತೆಗೆದರು. ಪೂರ್ಣ ಭಾರದಲ್ಲಿ ಓಡುವ ಪೆಟ್ರೋಲ್ ಎಂಜಿನ್ನಿನ ಹೊಗೆಯ ಉಷ್ಣತೆ 800-900 ಡಿಗ್ರಿ ಸೆಲ್ಸಿಯಸ್ಸಿನವರೆಗೆ ಏರಬಲ್ಲುದೆಂದು ನಾನು ಪುಸ್ತಕದಲ್ಲಿ ಓದಿದ್ದೆ. ಅದರ ಅರ್ಥವು ಮನಸ್ಸಿಗೆ ಇಳಿದುದು ಆ ದಿನ. ಟರ್ಬೊ ಇರಲಿ ಬಿಡಲಿ, ಒಕ್ಕಣೆಯ ರಸ್ತೆಯನ್ನು ದಾಟಿದ ಬಳಿಕ ಇಳಿದು ತಳವನ್ನು ನೋಡದೆ ಮುಂದೆ ಹೋಗಲಾಗದು.

ಇನ್ನು ಕೂಡಿಸುವ ಕೆಲಸ. ಹಳೆಯ ಚಕ್ಕಡಿಗೆ ಕಸುವುಳ್ಳ ಹೋರಿಯನ್ನು ಹೂಡುವ ರೈತನು ನೊಗ, ಅಚ್ಚು, ಕೀಲುಗಳನ್ನೆಲ್ಲ ಮುಟ್ಟಿ ನೋಡಿಯೇ ಹೂಡುವಂತೆ, ಇಲ್ಲಿಯೂ ಎಂಜಿನ್ನಿಗಿಂತ ಅದನ್ನು ಹಿಡಿದಿಡುವ ಭಾಗಗಳ ಚಿಂತೆಯೇ ಮುಖ್ಯ. ಒಂದು ಸಂಗತಿ ನಮಗೆ ಅನುಕೂಲವಾಯಿತು: ಟಿ-ಜೆಟ್ ಎಂಜಿನ್ನು ಪ್ಯಾಲಿಯೊ ಕಾರಿನ 1.6 ಎಂಜಿನ್ನಿಗೆ ದಾಯಾದಿಯಲ್ಲದಿದ್ದರೂ, ಅದೇ ಕಾರಿನ ಚಿಕ್ಕ ಮಾದರಿಯ 1.2 ಎಂಜಿನ್ನಿಗೆ ದಾಯಾದಿ. ಇವೆರಡೂ ಫಿಯಟ್ ಕಂಪನಿಯು 1985ರಲ್ಲಿ ಆರಂಭಿಸಿದ ‘ಫೈರ್’ ಎಂಬ ವಂಶದವು. ಆದುದರಿಂದ 1.2 ಕಾರಿನ ಆಧಾರಕಟ್ಟುಗಳನ್ನು ಮೇಲ್ಪಂಕ್ತಿಯಾಗಿ ಇರಿಸಿಕೊಂಡು, ಗದಗಿನ ಲೇಥು ಮಿಸ್ತ್ರಿಯೊಬ್ಬರು ದಪ್ಪ ಉಕ್ಕಿನ ಹಾಳೆಯಲ್ಲಿ ಹೊಸ ಬ್ರಾಕೆಟ್ಟುಗಳನ್ನು ಕಡೆದುಕೊಟ್ಟರು. ಮೊದಲು ರಟ್ಟಿನಲ್ಲಿ ಕತ್ತರಿಸಿ ಕೂಡಿಸಿ ನೋಡಿ, ಆಮೇಲೆ ಉಕ್ಕಿಗೆ ಕೈಹಾಕಿದ ಅವರ ವಿವೇಕದಿಂದ ಎಷ್ಟೋ ಉಕ್ಕು ಉಳಿಯಿತು. ಎಂಜಿನ್ನು ಒಂದು ಬೆರಳಿನಷ್ಟು ಓರೆಯಾದರೂ ಚಕ್ರಕ್ಕೆ ಹೋಗುವ ದಂಡಗಳು ಓರೆಯಾಗಿ ದುಡಿದು ಬೇಗ ಸವೆಯುವುವು. ಆ ದಂಡಗಳನ್ನೋ ಎರಡು ಕಾರುಗಳ ತುದಿಗಳನ್ನು ಹೊಂದಿಸಿ ಬೇರೆಯಾಗಿಯೇ ಮಾಡಿಸಬೇಕಾಯಿತು.

ಕಬ್ಬಿಣದ ಕೆಲಸಕ್ಕಿಂತ ತಂತಿಯ ಕೆಲಸ ಕಠಿನ. ಈಗಿನ ಎಂಜಿನ್ನು ತನ್ನ ಕೀಲಿಯ ಗುರುತನ್ನು ಕಂಡ ಹೊರತು ಹೊತ್ತಿಕೊಳ್ಳದು. ಕೀಲಿಯೊಳಗಿನ ಚಿಪ್ಪು, ಕಾರಿನ ಮೈಯ ಕಂಪ್ಯೂಟರು, ಎಂಜಿನ್ನಿನ ಕಂಪ್ಯೂಟರು ಈ ಮೂವರ ಒಡಂಬಡಿಕೆ ಆಗಲೇಬೇಕು. ಬಿಡಿ ಎಂಜಿನ್ನನ್ನು ಕೊಂಡವರು ಈ ಘಟ್ಟದಲ್ಲಿ ನಿಂತುಬಿಡುತ್ತಾರೆ. ನಮ್ಮಲ್ಲಿ ಮೂರೂ ಒಂದೇ ಕಾರಿನವಾದುದರಿಂದ, ಲಿನಿಯಾದ ವೈರಿಂಗನ್ನು ಕತ್ತರಿಸದೆ ಇಡಿಯಾಗಿ ತೆಗೆದು, ಪ್ರತಿಯೊಂದು ಕನೆಕ್ಟರಿಗೂ ಬಟ್ಟೆಯ ಚೀಟಿ ಕಟ್ಟಿ, ಬೇಡವಾದ ಎಳೆಗಳನ್ನು ಒಂದೊಂದಾಗಿ ಬಿಡಿಸಿದೆವು. ಬೇಸರ ಹಿಡಿಸುವ ಕೆಲಸ. ಆದರೆ ಸರಿಯಾಗಿ ಮಾಡಿದರೆ ಒಂದೇ ಸಲ ಮಾಡುವ ಕೆಲಸ.

ಎಂಜಿನ್ನು ಹೊತ್ತಿಕೊಂಡ ದಿನದ ಸಂಭ್ರಮವು ಬೇಸಗೆ ಬರುವವರೆಗೆ ಮಾತ್ರ. ನಲವತ್ತು ಡಿಗ್ರಿಯ ಸಮೀಪಕ್ಕೆ ಹೋಗುವ ಗದಗಿನ ಏಪ್ರಿಲ್ ತಿಂಗಳ ಬಿಸಿಲಿನಲ್ಲಿ, ಪ್ಯಾಲಿಯೊ ಕಾರಿನ ಇಕ್ಕಟ್ಟಾದ ಮುಂಭಾಗದೊಳಗೆ ರೇಡಿಯೇಟರು, ಇಂಟರ್‌ಕೂಲರು, ಏಸಿಯ ಕಂಡೆನ್ಸರು ಮೂರೂ ಒಂದರ ಹಿಂದೊಂದು ನಿಂತು ಒಂದರ ಗಾಳಿಯನ್ನೊಂದು ಕಸಿಯತೊಡಗಿದವು. ಟರ್ಬೊದ ಪಕ್ಕದಲ್ಲಿ ಹಾದಿದ್ದ ತಂತಿಯ ಹಳದಿ ಕೋಶವು ಚಹದ ಬಣ್ಣಕ್ಕೆ ತಿರುಗಿ, ಉಗುರು ತಾಗಿದರೆ ಸಾಕು, ಪುಡಿಯಾಗಿ ಉದುರುತ್ತಿತ್ತು. ಏಸಿಯನ್ನು ತೆಗೆದುಹಾಕಿ, ಹೊಗೆಕೊಳವೆಗೆ ಶಾಖನಿರೋಧಕ ಪಟ್ಟಿಯನ್ನು ಸುತ್ತಿ, ತಗಡಿನ ಮರೆ ಕಟ್ಟಿ, ತಂತಿಗಳ ದಾರಿಯನ್ನೇ ಬದಲಿಸಿದ ಮೇಲೆ ಉಷ್ಣತೆ ಹಿಡಿತಕ್ಕೆ ಬಂದಿತು. ಗಾಳಿಯ ಕೊಳವೆಗಳ ಸೋರಿಕೆಯನ್ನು ಕಂಡುಹಿಡಿಯಲು ಮಿಸ್ತ್ರಿಯವರು ಪಂಕ್ಚರ್ ಅಂಗಡಿಯ ಉಪಾಯವನ್ನೇ ಮಾಡಿದರು: ಕೊಳವೆಗಳಿಗೆ ಕಂಪ್ರೆಸರಿನ ಗಾಳಿಯನ್ನು ಊದಿ, ಕೀಲುಗಳಿಗೆಲ್ಲ ಸಾಬೂನಿನ ನೊರೆಯನ್ನು ಹಚ್ಚಿ, ಗುಳ್ಳೆ ಎದ್ದ ಕಡೆ ಕ್ಲಿಪ್ಪನ್ನು ಬಿಗಿದರು. ಎರೆಮಣ್ಣಿನ ಧೂಳು ಗೋಧಿಹಿಟ್ಟಿಗಿಂತ ನುಣುಪು. ಏರ್ ಫಿಲ್ಟರಿನ ಅಂಚು ಸರಿಯಾಗಿ ಕೂಡದಿದ್ದರೆ ಅದು ಟರ್ಬೊದ ಎಲೆಗಳನ್ನು ತೇಯುವುದು. ಪೆಟ್ರೋಲಿನಲ್ಲಿ ಶೇಕಡಾ 20ರಷ್ಟು ಎಥನಾಲ್ ಬೆರೆಯುತ್ತಿರುವ ಈ ಕಾಲದಲ್ಲಿ ಹಳೆಯ ರಬ್ಬರು ಕೊಳವೆಗಳನ್ನು ನೆಚ್ಚತಕ್ಕದ್ದಲ್ಲವೆಂದು ಅವುಗಳನ್ನೂ ಬದಲಿಸಿದೆವು. ಗಟ್ಟಿಯಾಗಿ ಓಡಿಸಿದ ಕೂಡಲೇ ಎಂಜಿನ್ನನ್ನು ಆರಿಸದೆ, ಸ್ವಲ್ಪ ಹೊತ್ತು ನಿಧಾನವಾಗಿ ತಿರುಗಲು ಬಿಡುವುದು ಅಭ್ಯಾಸವಾಯಿತು. ಹಾಗೆ ಮಾಡದಿದ್ದರೆ ಕಾದ ದಂಡದ ಮೇಲೆ ಎಣ್ಣೆ ಸುಟ್ಟು ಕಿಟ್ಟವಾಗಿ ಕೂರುವುದು.

ಬ್ರೇಕಿನ ಗಣಿತವನ್ನು ಯಾರೂ ಮರೆಯಬಾರದು. ಚಲನಶಕ್ತಿಯು ವೇಗದ ವರ್ಗಕ್ಕೆ ಅನುಗುಣವಾಗಿ ಬೆಳೆಯುವುದರಿಂದ, ಗಂಟೆಗೆ 80 ಕಿಲೋಮೀಟರಿನ ಕಾರು 100ಕ್ಕೆ ಏರಿದಾಗ ಅದನ್ನು ನಿಲ್ಲಿಸುವ ಬ್ರೇಕು ಶೇಕಡಾ 56ರಷ್ಟು ಹೆಚ್ಚಿನ ಶಕ್ತಿಯನ್ನು ಶಾಖವಾಗಿ ನುಂಗಬೇಕಾಗುವುದು. ಲಿನಿಯಾದ ಬ್ರೇಕುಗಳನ್ನೇ ಹೊಂದಿಸಿ ಕೂಡಿಸಿ, ದ್ರವವನ್ನು ಹೊಸದಾಗಿ ತುಂಬಿ, ಕೆಲಸ ನಿಂತ ಹತ್ತಿ ಗಿರಣಿಯೊಂದರ ವಿಶಾಲವಾದ ಅಂಗಳದಲ್ಲಿ ನಿಲ್ಲಿಸುವ ಪರೀಕ್ಷೆಯನ್ನು ಮುಗಿಸಿದ ಮೇಲೆಯೇ ಓಡಿಸುವ ಪರೀಕ್ಷೆಗೆ ತೊಡಗಿದೆವು. ಬಲವಾಗಿ ಒತ್ತಿದಾಗ ಮುಂಚಕ್ರಗಳೆರಡೂ ಸ್ಟಿಯರಿಂಗನ್ನು ಕೈಯಿಂದ ಕಿತ್ತುಕೊಳ್ಳುವಂತೆ ಎಳೆಯುವ ಗುಣವೊಂದು ಇಂದಿಗೂ ಉಳಿದಿದೆ. ಅದನ್ನು ಕಾಲಿನ ಸಂಯಮದಿಂದಲ್ಲದೆ ಸ್ಪ್ಯಾನರಿನಿಂದ ತಿದ್ದಲಾಗಲಿಲ್ಲ.

ಇಷ್ಟೆಲ್ಲ ಆದ ಮೇಲೆ ಫಲವೇನೆಂದು ಕೇಳಿದರೆ, ಅಂಗಳದಲ್ಲಿ ಆ ಕಾರು ನೀಡುವ ಆನಂದಕ್ಕೆ ಎಣೆಯಿಲ್ಲವೆಂದೂ, ಎಂಜಿನ್ನಿಗೆ ಕೊಟ್ಟ ಹಣಕ್ಕಿಂತ ಅದರ ಸುತ್ತಣ ಕೆಲಸಗಳಿಗೆ ಹೋದ ಹಣವೇ ಹೆಚ್ಚೆಂದೂ ಎರಡನ್ನೂ ಒಟ್ಟಿಗೇ ಹೇಳುವೆನು. ಫಿಯಟ್ ಕಾರುಗಳ ಮಾರಾಟವೇ ನಮ್ಮ ದೇಶದಲ್ಲಿ ನಿಂತುಹೋಗಿರುವುದರಿಂದ ಬಿಡಿಭಾಗಗಳ ಬೇಟೆಯಂತೂ ಮುಗಿಯದ ಕಥೆ. ನಮ್ಮ ಗದಗಿನ ಕೆಎ-26 ಫಲಕದ ಕಾರಿನಲ್ಲಿ ದಿನವೂ ಟರ್ಬೊದ ಸುಖವನ್ನು ಬಯಸುವ ತರುಣರಿಗೆ ನನ್ನ ಸಲಹೆ ಸರಳವಾದುದು: 2013ರ ಪೋಲೊ ಜಿಟಿ ಟಿಎಸ್‌ಐ, 2017ರ ಬಲೆನೊ ಆರ್‌ಎಸ್, 2021ರ ಐ20 ಎನ್ ಲೈನ್, ಹೀಗೆ ಕಾರ್ಖಾನೆಯೇ ಟರ್ಬೊ ಕೂಡಿಸಿ ಕೊಟ್ಟ ಚಿಕ್ಕ ಕಾರುಗಳು ಹಳೆಯ ಪೇಟೆಯಲ್ಲಿ ದೊರೆಯುತ್ತವೆ, ಚೆನ್ನಾಗಿರುವುದೊಂದನ್ನು ನೋಡಿ ಕೊಳ್ಳಿರಿ. ಎಂಜಿನ್ ಬದಲಿಸಿಯೇ ತೀರಬೇಕೆನ್ನುವವರು ಅದನ್ನು ಮೈದಾನದ ಕಾರಿಗೆ ಮಾತ್ರ ಮಾಡಿರಿ. ಖರ್ಚಿನ ಪಟ್ಟಿಯಲ್ಲಿ ಬ್ರೇಕನ್ನು ಮೊದಲು, ಶಾಖದ ವ್ಯವಸ್ಥೆಯನ್ನು ಎರಡನೆಯದಾಗಿ, ಎಂಜಿನ್ನನ್ನು ಎಲ್ಲಕ್ಕೂ ಕೊನೆಗೆ ಬರೆಯಿರಿ. ಆ ಪಟ್ಟಿಯ ಮೊತ್ತವನ್ನು ಕಂಡ ಮೇಲೂ ಉತ್ಸಾಹ ಉಳಿದಿದ್ದರೆ ಕೆಲಸವನ್ನು ಆರಂಭಿಸಲು ಅಡ್ಡಿಯಿಲ್ಲ.