ಮನದ ನೋವು ಮತ್ತು ಶಿವಯೋಗ

ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ಸೀಮೆಗಳು ಕಲ್ಲುಬೆಟ್ಟಗಳ ನಾಡು. ಮಳೆ ಕಡಿಮೆಯಾದ ನಾಡು. ಇಲ್ಲಿಯ ರೈತನು ಮುಗಿಲನ್ನು ನಂಬಿ ಕಡಲೆಕಾಯಿ ಬಿತ್ತುತ್ತಾನೆ. ಮಳೆ ಕೈಕೊಟ್ಟ ವರ್ಷ ಅವನ ಹೊಲ ಒಣಗುವುದು ಊರಿಗೆಲ್ಲ ಕಾಣುತ್ತದೆ. ಅವನ ಮನಸ್ಸು ಒಣಗುವುದು ಮಾತ್ರ ಯಾರ ಕಣ್ಣಿಗೂ ಬೀಳುವುದಿಲ್ಲ. ಸಾಲದ ಚಿಂತೆ ಸಿಟ್ಟಿನ ರೂಪ ತಾಳಿ ಮಡದಿ ಮಕ್ಕಳ ಮೇಲೆ ಎರಗುತ್ತದೆ. ಇಲ್ಲವೆ ಮೌನವಾಗಿ ಅವನನ್ನೇ ಒಳಗಿನಿಂದ ತಿನ್ನುತ್ತದೆ.

ಕೊರಟಗೆರೆ ತಾಲ್ಲೂಕಿನ ಸಿದ್ಧರಬೆಟ್ಟವು ಔಷಧಿಯ ಮೂಲಿಕೆಗಳಿಗೆ ಹೆಸರಾದುದು. ಪಾವಗಡದ ಶನಿಮಹಾತ್ಮನ ಗುಡಿಗೆ ಕಷ್ಟಕಾಲಕ್ಕೆ ಸಿಕ್ಕಿದವರು ದೂರದೂರದಿಂದ ಬರುತ್ತಾರೆ. ನೋವಿಗೆ ಮದ್ದು ಬೇಕೆಂಬುದನ್ನು ನಮ್ಮ ಜನರು ಬಲ್ಲರು. ಆದರೆ ಮನದ ನೋವಿಗೆ ಮನದೊಳಗೇ ನಡೆಯಬೇಕಾದ ಸಾಧನೆಯೊಂದುಂಟು. ಅದರ ಸ್ವರೂಪವೇನು? ಶರಣಚರಿತೆಯ ಒಂದು ಪ್ರಸಂಗವನ್ನು ನೋಡೋಣ.

ಲಕ್ಕುಂಡಿಯ ಅಜಗಣ್ಣನು ತನ್ನ ಭಕ್ತಿಯನ್ನು ಗುಪ್ತವಾಗಿರಿಸಿಕೊಂಡಿದ್ದ ಶರಣನು. ಅವನ ತಂಗಿ ಮುಕ್ತಾಯಕ್ಕನಿಗೆ ಅವನು ಅಣ್ಣನೂ ಹೌದು, ಗುರುವೂ ಹೌದು. ಅವನು ಲಿಂಗೈಕ್ಯನಾದಾಗ ಅವಳ ದುಃಖಕ್ಕೆ ಮೇರೆಯಿರಲಿಲ್ಲ. ಆ ವೇಳೆಗೆ ಅಲ್ಲಮಪ್ರಭುಗಳು ಅಲ್ಲಿಗೆ ಬಂದರು. ಶೂನ್ಯಸಂಪಾದನೆಯಲ್ಲಿ ಬರುವ ಈ ಸಂವಾದವು ನಮಗೆ ದೊಡ್ಡ ಪಾಠ. ಆ ಗ್ರಂಥದ ಪರಿಷ್ಕರಣಗಳಲ್ಲೊಂದನ್ನು ಸಂಕಲಿಸಿದ ಸಿದ್ಧವೀರಣ್ಣೊಡೆಯರ ಹೆಸರಿನೊಡನೆ ತುಮಕೂರಿನ ನೆರೆಯ ಗೂಳೂರು ಸೇರಿಕೊಂಡಿರುವುದು ನಮ್ಮ ಸೀಮೆಗೆ ಹೆಮ್ಮೆಯ ವಿಷಯ.

ಪ್ರಭುಗಳು ಅಳಬೇಡವೆಂದು ಗದರಿಸಲಿಲ್ಲ. ಎಲ್ಲರೂ ಸಾಯುವವರೇ ಎಂಬ ಒಣಮಾತಿನಿಂದ ಅವಳ ಬಾಯಿ ಮುಚ್ಚಿಸಲಿಲ್ಲ. ಮೊದಲು ಕೇಳಿದರು: ನೀನು ಯಾರು, ಯಾರಿಗಾಗಿ ಈ ಶೋಕ? ಮುಕ್ತಾಯಕ್ಕನೂ ಕೂಡಲೆ ತಲೆಬಾಗಿಸಿದವಳಲ್ಲ. ಅವಳು ಪ್ರಶ್ನಿಸಿದಳು, ವಾದಿಸಿದಳು, ಪ್ರಭುಗಳ ಮಾತನ್ನೇ ಒರೆಗೆ ಹಚ್ಚಿದಳು. ಹೀಗೆ ಮಾತಿಗೆ ಮಾತು ಬೆಳೆದು, ಅಗಲಿದನೆಂದು ತಾನು ಕೊರಗುತ್ತಿದ್ದ ಗುರುವಿನ ಅರಿವು ತನ್ನಲ್ಲಿಯೇ ಉಂಟೆಂಬ ನಿಲುವಿಗೆ ಬಂದಳು. ದುಃಖವನ್ನು ಅದುಮಿದ್ದರಿಂದ ಅವಳಿಗೆ ಶಾಂತಿ ದೊರೆಯಲಿಲ್ಲ. ದುಃಖವನ್ನು ಎದುರಿಗಿಟ್ಟು ನೋಡಿದ್ದರಿಂದ ದೊರೆಯಿತು.

ಹೀಗೆ ನೋಡುವ ಶಕ್ತಿಯನ್ನು ದಿನದಿನವೂ ಬೆಳೆಸುವ ಅಭ್ಯಾಸವೇ ಶಿವಯೋಗ. ಸಾಧಕನು ಬೆಳಗಿನ ಜಾವದಲ್ಲಿ ಶುಚಿಯಾಗಿ, ಬೆನ್ನನ್ನು ನೆಟ್ಟಗಿರಿಸಿ ಕುಳಿತು, ಇಷ್ಟಲಿಂಗವನ್ನು ಎಡದ ಅಂಗೈಯಲ್ಲಿ ಧರಿಸಿ, ಅರೆತೆರೆದ ಕಣ್ಣುಗಳಿಂದ ಅದರಲ್ಲಿ ದೃಷ್ಟಿಯನ್ನು ನೆಲೆಗೊಳಿಸಬೇಕು. ಷಡಕ್ಷರಿಯ ಜಪದೊಡನೆ ಉಸಿರು ತಾನಾಗಿ ನಿಧಾನವಾಗುತ್ತದೆ. ಸ್ವಲ್ಪ ಹೊತ್ತಿನಲ್ಲಿಯೇ ಮನಸ್ಸು ಸಾಲಗಾರನ ಮನೆಬಾಗಿಲಿಗೋ ನಿನ್ನೆಯ ಜಗಳಕ್ಕೋ ಓಡುತ್ತದೆ. ಓಡಿತೆಂದು ಅದನ್ನು ಹಳಿಯಬಾರದು, ಅದರ ಬೆನ್ನು ಹತ್ತಲೂ ಬಾರದು. ಓಡಿತೆಂಬುದನ್ನು ಅರಿತು ಮತ್ತೆ ಲಿಂಗಕ್ಕೆ ಕರೆತರಬೇಕು. ನೂರು ಸಲ ಓಡಿದರೆ ನೂರು ಸಲ ಕರೆತರುವುದೇ ಸಾಧನೆ. ಇದು ಬಲಿತಂತೆ ಸಿಟ್ಟು ಏಳುವ ಕ್ಷಣವೇ ಸಾಧಕನಿಗೆ ಗೋಚರವಾಗುತ್ತದೆ. ಬೇರೊಬ್ಬರ ಮೇಲೆ ತಾಳಿದ ಕೋಪವು ಮೊದಲು ಸುಡುವುದು ತಾಳಿದವನನ್ನೇ ಎಂದು ಬಸವಣ್ಣನವರು ತಿಳಿಸಿದುದರ ಸತ್ಯವು ಆಗ ಅನುಭವಕ್ಕೆ ಬರುತ್ತದೆ.

ಇಂದು ಹೊರದೇಶಗಳಲ್ಲಿಯೂ ಇಂಥ ಅವಧಾನದ ಅಭ್ಯಾಸಕ್ಕೆ ಮನ್ನಣೆ ಬಂದಿದೆ. 1979ರಲ್ಲಿ ಅಮೆರಿಕದ ಮ್ಯಾಸಚೂಸೆಟ್ಸ್ ವಿಶ್ವವಿದ್ಯಾಲಯದ ವೈದ್ಯಶಾಲೆಯಲ್ಲಿ ಜಾನ್ ಕಬಾಟ್-ಜಿನ್ ಎಂಬವರು ಉಸಿರಿನ ಗಮನವನ್ನೂ ಯೋಗಾಸನಗಳನ್ನೂ ಕೂಡಿಸಿ, ಬಹುಕಾಲದ ಬೇನೆಯಿಂದ ನರಳುವವರಿಗಾಗಿ ಶಿಕ್ಷಣಕ್ರಮವೊಂದನ್ನು ಆರಂಭಿಸಿದರು. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯಲ್ಲಿಯೂ ಯೋಗವನ್ನು ಚಿಕಿತ್ಸೆಗೆ ಪೂರಕವಾಗಿ ಬಳಸುತ್ತಾರೆ.

ಪೂರಕವೆಂಬ ಮಾತನ್ನು ವಾಚಕರು ಮರೆಯಬಾರದು. ವಾರಗಟ್ಟಲೆ ನಿದ್ರೆ ಬಾರದವನನ್ನು, ಅನ್ನ ಸೇರದವನನ್ನು, ಬದುಕೇ ಬೇಡವೆನ್ನುವವನನ್ನು ಕಂಡು 'ಧ್ಯಾನ ಮಾಡು, ಸರಿಹೋಗುತ್ತದೆ' ಎಂದು ಹೇಳಿ ಸುಮ್ಮನಾಗುವುದು ಧರ್ಮವಲ್ಲ. ಅವನನ್ನು ವೈದ್ಯರಲ್ಲಿಗೆ ಕರೆದೊಯ್ಯಬೇಕು. 2022ರ ಅಕ್ಟೋಬರ್‌ನಲ್ಲಿ ಆರಂಭವಾದ ಟೆಲಿ-ಮಾನಸ್ ಸೇವೆಗೆ 14416 ಸಂಖ್ಯೆಗೆ ದೂರವಾಣಿ ಮಾಡಿದರೆ ಹಣವಿಲ್ಲದೆ ಕನ್ನಡದಲ್ಲಿಯೇ ಸಲಹೆ ದೊರೆಯುತ್ತದೆ. ಮುರಿದ ಕಾಲಿಗೆ ಕಟ್ಟು ಹಾಕಿಸುವುದು ಭಕ್ತಿಗೆ ಕುಂದಲ್ಲವಾದರೆ, ನೊಂದ ಮನಕ್ಕೆ ಮದ್ದು ಕೊಡಿಸುವುದು ಹೇಗೆ ಕುಂದಾದೀತು?

ಇನ್ನೊಂದು ಮಾತು. ಶರಣರು ಧ್ಯಾನವನ್ನು ಕಾಯಕದಿಂದ ಬೇರ್ಪಡಿಸಲಿಲ್ಲ. ಲಿಂಗದ ಮುಂದೆ ಶಾಂತನಾಗಿ ಕುಳಿತವನು ಎದ್ದು ಬಂದೊಡನೆ ಆಳಿನ ಮೇಲೆ ಕೂಗಾಡಿದರೆ ಅವನ ಯೋಗವು ಜಗಲಿಯವರೆಗೂ ನಡೆದು ಬರಲಿಲ್ಲವೆಂದೇ ಅರ್ಥ. ದಾಸೋಹವೂ ಅನ್ನದಿಂದಲೇ ಮುಗಿಯುವುದಲ್ಲ. ಬೆಳೆ ಕಳೆದುಕೊಂಡ ನೆರೆಯವನ ಪಕ್ಕದಲ್ಲಿ ಕುಳಿತು, ಉಪದೇಶಕ್ಕೆ ಅವಸರಪಡದೆ, ಅವನ ಮಾತನ್ನು ಪೂರ್ತಿಯಾಗಿ ಕೇಳುವುದೂ ದಾಸೋಹವೇ. ಪ್ರಭುಗಳು ಮುಕ್ತಾಯಕ್ಕನಿಗೆ ಮೊದಲು ನೀಡಿದುದು ಉತ್ತರವನ್ನಲ್ಲ, ಪ್ರಶ್ನೆಯನ್ನು; ಆ ಪ್ರಶ್ನೆಯ ಹಿಂದೆ ಅವಳ ದುಃಖವನ್ನು ಕೇಳುವ ತಾಳ್ಮೆಯಿತ್ತು. ಇಂದು ಸಂಜೆ ನಮ್ಮ ಮನೆಯಲ್ಲಿ, ನಮ್ಮ ಕೇರಿಯಲ್ಲಿ ಯಾರು ಮೌನವಾಗಿದ್ದಾರೆಂಬುದನ್ನು ಗಮನಿಸಿ, ಹೋಗಿ ಅವರ ಬಳಿ ಕುಳಿತುಕೊಳ್ಳೋಣ.